ಮಂಡಿಯೂರಿ ಕಂಡದ್ದು

ತುಂಬೆ ಹೂವಿನ ಚಿತ್ರ ತೆಗೆಯಬೇಕೆಂದರೆ ನೆಲಕ್ಕೆ ಮಂಡಿಯೂರಲೇಬೇಕು. ನಿಂತು ನೋಡಿದರೆ ಅದು ಬದುವಿನ ಮೇಲೆ ಚೆಲ್ಲಿದ ನಾಲ್ಕು ಅಕ್ಕಿಕಾಳು, ಅಷ್ಟೇ. ಹೋದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ, ಶಾಲೆಯ ಗಂಟೆ ಹೊಡೆಯಲು ಇನ್ನೂ ಎರಡು ಗಂಟೆ ಇರುವಾಗ, ನಾನು ಗುಂಡ್ಲುಪೇಟೆ ಕಡೆಯ ಒಂದು ಹೊಲದ ಬದುವಿನಲ್ಲಿ ಮೊಣಕಾಲು, ಮೊಣಕೈ ಎರಡನ್ನೂ ಊರಿ ಉಸಿರು ಬಿಗಿಹಿಡಿದು ಕೂತಿದ್ದೆ. ಹೊಲದ ಯಜಮಾನರು ಕುಡುಗೋಲು ಹಿಡಿದು ಬಂದವರು ನಿಂತುಬಿಟ್ಟರು.

“ಏನ್ ಮೇಷ್ಟ್ರೇ, ಏನಾರ ಬಿದ್ದೋಯ್ತಾ?”

“ಇಲ್ಲ ಯಜಮಾನ್ರೇ, ತುಂಬೆ ಹೂವಿನ ಫೋಟೊ ತೆಗೀತಾ ಇದೀನಿ” ಎಂದು ಕ್ಯಾಮೆರಾದ ಪರದೆಯನ್ನು ಅವರತ್ತ ತಿರುಗಿಸಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಅಯ್ಯೋ ಸಿವ್ನೇ, ಇದ್ಕೆ ಕೂದ್ಲು ಅದಲ್ಲ!” ಎಂದರು. ತುಂಬೆಯ ಮೇಲ್ದುಟಿಯ ಮೇಲೆ ಉಣ್ಣೆಯಂಥ ಬಿಳಿ ರೋಮವಿರುತ್ತದೆ. ಕೆಳದುಟಿ ನಾಲಿಗೆಯ ಹಾಗೆ ಹೊರಚಾಚಿ ಕೀಟಕ್ಕೆ ಕೂರಲು ಮಣೆ ಹಾಕಿಕೊಡುತ್ತದೆ. ಚಿಕ್ಕಂದಿನಲ್ಲಿ ಅದರ ಬುಡ ಚೀಪಿ ಜೇನು ಕುಡಿದವರು, ವರ್ಷವಿಡೀ ಅದನ್ನು ಕಳೆಯೆಂದು ಕಿತ್ತು ಶಿವರಾತ್ರಿಗೆ ಮಾತ್ರ ಹುಡುಕಿಕೊಂಡು ಹೋಗುವವರು, ಆ ಯಜಮಾನರು. ಆ ರೋಮ ಅವರಿಗೆ ಕಂಡದ್ದು ಅವತ್ತೇ. ಕುಡುಗೋಲು ಬದಿಗಿಟ್ಟು ಅವರೂ ಕೂತರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹೂವು, ದಳ, ಕೇಸರ ಇವೆಲ್ಲ ವಿಜ್ಞಾನದ ಮೇಡಂ ಅವರ ಪಾಠ, ನಿಮಗೇಕೆ ಇದರ ಗೀಳು ಎಂದು ಬಹಳ ಜನ ಕೇಳಿದ್ದಾರೆ. ಮೊದಮೊದಲು, ಚೆನ್ನಾಗಿ ಕಾಣುತ್ತದೆ, ತೆಗೆಯುತ್ತೇನೆ ಎನ್ನುತ್ತಿದ್ದೆ. ಈಗ ನನ್ನ ಉತ್ತರ ಬೇರೆ. ಹತ್ತಿರದಿಂದ ನೋಡಿದ ಯಾವ ಹೂವೂ ನನ್ನನ್ನು ಸಮಾಜ ವಿಜ್ಞಾನಕ್ಕೆ ವಾಪಸು ತಂದು ಬಿಡದೆ ಇದ್ದಿಲ್ಲ.

ಹತ್ತನೇ ತರಗತಿಯ ಮೊದಲ ಪಾಠವನ್ನೇ ತೆಗೆದುಕೊಳ್ಳಿ. ಭಾರತಕ್ಕೆ ಯುರೋಪಿಯನ್ನರ ಆಗಮನ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಇಸವಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋದರೆ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗುತ್ತದೆ. ಒಂದು ವರ್ಷ ನಾನು ಆ ಪಾಠವನ್ನು ಪುಸ್ತಕ ಮುಚ್ಚಿಟ್ಟು ಆರಂಭಿಸಿದೆ. ಒಂದು ಚೀಲ ಚೆಂಡು ಹೂವು ತಂದು ತಲೆಗೊಂದರಂತೆ ಹಂಚಿ, “ಇದರಲ್ಲಿ ಎಷ್ಟು ಹೂವಿದೆ?” ಎಂದು ಕೇಳಿದೆ. “ಒಂದು ಸಾರ್” ಎಂದರು ಎಲ್ಲರೂ. ಬಿಡಿಸಿ ನೋಡಿ ಎಂದೆ. ನಾವು ದಳ ಎಂದುಕೊಂಡ ಪ್ರತಿ ಎಸಳೂ ತಳದಲ್ಲಿ ಒಂದು ಕೊಳವೆ, ಅದರ ಕೆಳಗೆ ಬೀಜವಾಗಲಿರುವ ಸಣ್ಣ ಕಡ್ಡಿ, ತುದಿಯಲ್ಲಿ ಕವಲೊಡೆದ ಶಲಾಕೆ ಇಟ್ಟುಕೊಂಡ ಪೂರ್ತಿ ಹೂವು. ಎಣಿಸುವುದರಲ್ಲಿ ಅರ್ಧ ಪಿರಿಯಡ್ ಹೋಯಿತು. ಹೋಗಲಿ, ನನಗೆ ಅದರ ಬೇಸರವಿಲ್ಲ.

ಆಮೇಲೆ ಹೇಳಿದೆ: ಇದರ ತವರು ಮೆಕ್ಸಿಕೋ. ಅಲ್ಲಿ ನವೆಂಬರ್ ಆರಂಭದಲ್ಲಿ ತೀರಿಹೋದ ಹಿರಿಯರಿಗೆ ಇದೇ ಹೂವಿನಿಂದ ದಾರಿ ಮಾಡಿ ಎಡೆ ಇಡುತ್ತಾರೆ. ಯುರೋಪಿಯನ್ನರ ಹಡಗು ಹತ್ತಿ ನಮ್ಮಲ್ಲಿಗೆ ಬಂತು. ತರಗತಿ ಗಲಿಬಿಲಿಗೊಂಡಿತು. ಆಯುಧಪೂಜೆಗೆ ಬಸ್ಸಿಗೆ, ಟ್ರ್ಯಾಕ್ಟರಿಗೆ, ನೇಗಿಲಿಗೆ ಕಟ್ಟುವ ಹೂವು, ದೇವಸ್ಥಾನದ ಬಾಗಿಲಿನ ತೋರಣ, ಇದು ಹೊರಗಿನದೇ? “ಹಂಗಾದ್ರೆ ಇದು ನಮ್ಮ ಹೂ ಅಲ್ವಾ ಸಾರ್?” ಎಂದು ಒಬ್ಬ ಹುಡುಗ ಕೇಳಿದ, ಮುಖ ಸಪ್ಪಗೆ ಮಾಡಿಕೊಂಡು. ಅವರ ಮನೆಯಲ್ಲಿ ಅದನ್ನೇ ಬೆಳೆಯುತ್ತಿದ್ದರು. ನಾನು ಅವನಿಗೆ ನಮ್ಮ ಊಟದ ತಟ್ಟೆ ನೆನಪಿಸಿದೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಕಡಲೆಕಾಯಿ, ಮುಸುಕಿನಜೋಳ ಎಲ್ಲ ಅದೇ ಅಮೆರಿಕ ಖಂಡಗಳಿಂದ ಬಂದವು. 1336ರಲ್ಲಿ ವಿಜಯನಗರ ಸ್ಥಾಪನೆಯಾದಾಗ ನಮ್ಮ ನಾಡಿನ ಯಾವ ಅಡುಗೆಮನೆಯಲ್ಲೂ ಮೆಣಸಿನಕಾಯಿ ಇರಲಿಲ್ಲ; ಖಾರಕ್ಕೆ ಕರಿಮೆಣಸು. ಹಾಗೆಂದು ಮೆಣಸಿನಕಾಯಿ ಇಲ್ಲದ ಸಾರು ಇವತ್ತು ನಮ್ಮ ಸಾರೇ? ನಿಮ್ಮಪ್ಪ ಉತ್ತು, ಬಿತ್ತು, ನೀರು ಕಟ್ಟಿ ಬೆಳೆದದ್ದು ನಿಮ್ಮದೇ ಕಣಪ್ಪ ಎಂದೆ. ಆ ವರ್ಷ ಆ ಪಾಠದ ಇಸವಿಗಳನ್ನು ಯಾರಿಗೂ ಎರಡು ಸಲ ಹೇಳಬೇಕಾಗಲಿಲ್ಲ.

ಈ ರೀತಿ ಪಾಠ ಮಾಡಿದವರಲ್ಲಿ ನಾನು ಮನಸ್ಸಿನಲ್ಲೇ ಗುರುವೆಂದು ಇಟ್ಟುಕೊಂಡಿರುವವರು ಒಬ್ಬರಿದ್ದಾರೆ, ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. 1865ರಲ್ಲಿ ಹುಟ್ಟಿದವರು. ಬರ್ಲಿನ್ನಿನ ಕಲಾಶಾಲೆಯೊಂದರಲ್ಲಿ 30 ವರ್ಷ ಪಾಠ ಹೇಳಿದ ಮೇಷ್ಟ್ರು. ಗಿಡಗಳ ಆಕಾರ ನೋಡಿ ವಿದ್ಯಾರ್ಥಿಗಳು ಚಿತ್ರ, ಶಿಲ್ಪ ಕಲಿಯಬೇಕಿತ್ತು. ಆದರೆ ಗಿಡ ಬಾಡುತ್ತದೆ, ಸಣ್ಣದು ಕಣ್ಣಿಗೆ ನಿಲುಕುವುದಿಲ್ಲ. ಅದಕ್ಕೆ ಅವರು ತಾವೇ ಕ್ಯಾಮೆರಾ ಮಾಡಿಕೊಂಡು ರಸ್ತೆಬದಿಯ ಗಿಡಗಳ ಮೊಗ್ಗು, ಸುರುಳಿ, ಬೀಜದ ಗೂಡುಗಳನ್ನು ಬರಿಯ ಹಿನ್ನೆಲೆಯ ಮುಂದಿಟ್ಟು ಹತ್ತಾರು ಪಟ್ಟು ಹಿಗ್ಗಿಸಿ ತೆಗೆದರು. ಪ್ರದರ್ಶನಕ್ಕಲ್ಲ, ತರಗತಿಯ ಗೋಡೆಗೆ. 1928ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದು ಲೋಕ ಬೆರಗಾದಾಗ ಅವರಿಗೆ 60 ದಾಟಿತ್ತು. ಅಷ್ಟು ವರ್ಷ ಅದು ಒಬ್ಬ ಮೇಷ್ಟ್ರ ಪಾಠೋಪಕರಣ ಮಾತ್ರವಾಗಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಾಗುತ್ತದೆ.

ಹೂವಿನ ಛಾಯಾಗ್ರಹಣ ಕಾಯುವ ಕೆಲಸ. ಹತ್ತಿರ ಹೋದಷ್ಟೂ ಫೋಕಸ್ ತೆಳ್ಳಗಾಗುತ್ತದೆ. ಕೇಸರ ಸ್ಫುಟವಾದರೆ ಹಿಂದಿನ ದಳ ಮಂಜು. ಬಿಳಿ ಹೂವನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ದಳದ ಗೆರೆಗಳೆಲ್ಲ ಅಳಿಸಿಹೋಗಿ ಸುಣ್ಣ ಬಳಿದಂತಾಗುತ್ತದೆ. ನಮಗೆ ಕೆನ್ನೆಗೂ ತಾಗದಂಥ ಗಾಳಿ ಹೂವಿನ ತೊಟ್ಟಿಗೆ ಬಿರುಗಾಳಿ. ನಿಲ್ಲುವವರೆಗೆ ಕಾಯಬೇಕು. ಮಕ್ಕಳ ಮುಂದೆ ಪ್ರಶ್ನೆ ಇಟ್ಟ ಮೇಲೆ ಮೇಷ್ಟ್ರು ಮಾಡಬೇಕಾದದ್ದೂ ಇದೇ. ನಾವು ಮೂರು ಎಣಿಸುವುದರೊಳಗೆ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೆಯೇ ಮಾಡಿದೆ.

ಕಾದರೆ ಏನು ಬರುತ್ತದೆ ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಅಳತೆಗಳ ಬಗ್ಗೆ ಒಂದು ಚಟುವಟಿಕೆ ಕೊಟ್ಟಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವವರ ಬಳಿಗೆ ಹೋಗಿ ಮೊಳ ಎಂದರೆ ಎಷ್ಟು, ಮಾರು ಎಂದರೆ ಎಷ್ಟು ಎಂದು ಅಳೆದು ಬರಬೇಕು. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿವರೆಗೆ, ಸರಿ. ಆದರೆ ಯಾರ ಕೈ? ಒಬ್ಬೊಬ್ಬರ ಮೊಳಕ್ಕೂ ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಅಳತೆಪಟ್ಟಿ ಇಲ್ಲದ ಈ ವ್ಯಾಪಾರ ನಂಬಿಕೆಯ ಮೇಲೆ ಹೇಗೆ ನಡೆಯುತ್ತದೆ ಎಂದು ಚರ್ಚೆ ಮಾಡಿಸುವುದು ನನ್ನ ಯೋಜನೆ. ಉಡುಪಿ ಕಡೆಯಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ, ಚೆಂಡು, ಅಟ್ಟೆ ಎಂದು ಲೆಕ್ಕ; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬುದನ್ನೂ ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ.

ಮಾರನೆಯ ದಿನ ಮಕ್ಕಳು ತಂದದ್ದು ಬೇರೆ. ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಆ ಅಜ್ಜಿ ಬೆಳಗಿಂದ ಸಂಜೆವರೆಗೂ ಹೂ ಕಟ್ತಾರೆ. ಅವರು ಯಾಕೆ ಮುಡಿಯಲ್ಲ?” ಎಂದಳು.

ತರಗತಿ ಗಪ್‌ಚಿಪ್. ಉತ್ತರ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಯಾರೂ ಬಾಯಿ ಬಿಡಲಿಲ್ಲ. ನಾನು ಕಾದೆ. ಬಹಳ ಹೊತ್ತಾದ ಮೇಲೆ ಒಬ್ಬ, “ಗಂಡ ತೀರಿಹೋದ್ರೆ ಮುಡಿಯಬಾರ್ದಂತೆ” ಎಂದ. “ಹೆಂಡ್ತಿ ಸತ್ರೆ ಗಂಡಸರು ಏನು ಬಿಡಬೇಕು?” ಎಂದಳು ಇನ್ನೊಬ್ಬಳು. ಅವತ್ತಿನ ಮಾತು ನಿಲ್ಲಲೇ ಇಲ್ಲ, ಆಟದ ಪಿರಿಯಡ್ಡನ್ನೂ ತಿಂದುಹಾಕಿತು. ಸಾಮಾಜಿಕ ಪದ್ಧತಿಗಳು ಎಂಬ ತಲೆಬರಹದ ಕೆಳಗೆ ನಾನು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆಲ್ಲ ಆ ಒಂದು ಪ್ರಶ್ನೆಯ ಮುಂದೆ ಏನೂ ಅಲ್ಲ.

ಆ ಅಜ್ಜಿಯ ಅನುಮತಿ ಕೇಳಿ ಒಂದು ಫೋಟೊ ತೆಗೆದೆ. ಮುಖ ಬೇಡ, ಕೈ ತೆಗಿ ಎಂದರು. ಎಡಗೈ ಬೆರಳಿಗೆ ಸುತ್ತಿದ ಬಾಳೆನಾರು, ಬಲಗೈಯಲ್ಲಿ ಎದುರುಬದುರು ಜೋಡಿಸಿ ಹಿಡಿದ ಕನಕಾಂಬರ, ನಾರು ಉಜ್ಜಿ ಉಜ್ಜಿ ಗೆರೆ ಬಿದ್ದ ತೋರುಬೆರಳು. ನಾನು ತೆಗೆದ ಹೂವಿನ ಚಿತ್ರಗಳಲ್ಲಿ ಅದೇ ಒಳ್ಳೆಯದು ಎಂದು ನನ್ನ ಖಚಿತ ಅಭಿಪ್ರಾಯ.

ಕಾಗದದ ಹೂವಿನ ವಿಚಾರವನ್ನೂ ಹೇಳಿಬಿಡುತ್ತೇನೆ. ಶಾಲೆಯ ಗೇಟಿನ ಮೇಲೆ ಹಬ್ಬಿ ನಿಲ್ಲುವ ಆ ಗುಲಾಬಿ ಬಣ್ಣದ್ದು ಹೂವಲ್ಲ, ಎಲೆಯೇ ಬಣ್ಣ ತಳೆದದ್ದು. ಮೂರು ಬಣ್ಣದೆಲೆಗಳ ನಡುವೆ ಕಡ್ಡಿಯಂತೆ ನಿಂತು, ತುದಿಯಲ್ಲಿ ಬೆಳ್ಳಗೆ ನಕ್ಷತ್ರದಂತೆ ಅರಳುವುದೇ ನಿಜವಾದ ಹೂವು. ಫೋಟೊ ತೆಗೆಯಲು ಹತ್ತಿರ ಹೋಗುವವರೆಗೆ ನನಗೂ ತಿಳಿದಿರಲಿಲ್ಲ. ಅದಕ್ಕೆ ಬೂಗನ್‌ವಿಲ್ಲೆ ಎಂದು ಹೆಸರು ಬಂದದ್ದು 1766ರಲ್ಲಿ ಫ್ರಾನ್ಸಿನಿಂದ ಭೂಪ್ರದಕ್ಷಿಣೆಗೆ ಹೊರಟ ನೌಕಾಯಾನದ ನಾಯಕನಿಂದ. ಆ ಯಾನದಲ್ಲಿ ಸಸ್ಯಶಾಸ್ತ್ರಜ್ಞ ಕೊಮೆರ್ಸೋನ್‌ಗೆ ಸಹಾಯಕಿಯಾಗಿ, ಗಂಡಸಿನ ವೇಷ ತೊಟ್ಟು, ಗಿಡಗಳ ಹೊರೆ ಹೊತ್ತವಳು ಜೀನ್ ಬಾರೆ. ಹೆಂಗಸರಿಗೆ ಹಡಗಿನಲ್ಲಿ ಪ್ರವೇಶವಿರಲಿಲ್ಲ. ಭೂಮಿಯನ್ನು ಸುತ್ತಿ ಬಂದ ಮೊದಲ ಹೆಂಗಸು ಅವಳೇ ಎಂದು ಚರಿತ್ರೆ ಗುರುತಿಸುತ್ತದೆ. ಅವಳ ಹೆಸರು ಒಂದು ಗಿಡಕ್ಕೆ ಉಳಿಯುವಂತೆ ಇಟ್ಟದ್ದು 2012ರಲ್ಲಿ. ಎಂಟನೇ ತರಗತಿಯ ಹುಡುಗಿಯರಿಗೆ ಇದನ್ನು ಹೇಳಿದ ಮೇಲೆ ಗೇಟಿನ ಬಳಿ ನಿಂತು ಆ ಬಿಳಿ ಚುಕ್ಕಿ ಹುಡುಕುವುದು ಅವರಿಗೆ ಅಭ್ಯಾಸವಾಗಿದೆ.

ಮತ್ತೆ ಚೆಂಡು ಹೂವಿಗೆ ಬರುತ್ತೇನೆ, ಯಾಕೆಂದರೆ ನಮ್ಮ ಸೀಮೆಯ ಅರ್ಥಶಾಸ್ತ್ರ ಇರುವುದೇ ಅದರಲ್ಲಿ. ಮುಂಗಾರಿನಲ್ಲಿ ಬಂಡೀಪುರದ ದಾರಿಯ ಎರಡೂ ಬದಿ ಹಳದಿ, ಕಿತ್ತಳೆ ಬಣ್ಣದ ಹೊಲಗಳು. ಇದರಲ್ಲಿ ಬಹುಪಾಲು ಪೂಜೆಗೆ ಹೋಗುವ ಹೂವಲ್ಲ. ಬೀಜ ಕೊಟ್ಟು, ಮೊದಲೇ ದರ ನಿಗದಿ ಮಾಡಿ ಕಾರ್ಖಾನೆಯವರು ತೂಕದ ಮೇಲೆ ಕೊಳ್ಳುತ್ತಾರೆ. ಒಣಗಿಸಿ ಅದರಿಂದ ಬಣ್ಣ ತೆಗೆಯುತ್ತಾರೆ. ಆ ಬಣ್ಣ ಕೋಳಿಯ ಮೇವಿಗೆ ಸೇರಿದರೆ ಮೊಟ್ಟೆಯ ಭಂಡಾರ ಗಾಢ ಹಳದಿಯಾಗುತ್ತದೆ. ಕಣ್ಣಿನ ಆರೋಗ್ಯಕ್ಕೆಂದು ಮಾರುವ ಮಾತ್ರೆಗಳಿಗೂ ಅದೇ ಹೋಗುತ್ತದೆ. ಓಣಂ ಬಂದಾಗ ಒಂದಷ್ಟು ಹೂವು ಗಡಿ ದಾಟಿ ಕೇರಳದ ಅಂಗಳಗಳ ಪೂಕಳಂ ಸೇರುತ್ತದೆ. ಸೊಂಟ ಬಗ್ಗಿಸಿ ಬಿಡಿಸುವವರು ಬಹುತೇಕ ಹೆಂಗಸರು, ನನ್ನ ವಿದ್ಯಾರ್ಥಿಗಳ ತಾಯಂದಿರು. ಆ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಏರುವುದಕ್ಕೂ ಹೊಲದ ಬಣ್ಣಕ್ಕೂ ಇರುವ ಸಂಬಂಧವನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಕ್ಯಾಮೆರಾ ಹಿಡಿದು ಹೊಲಕ್ಕೆ ಹೋದಾಗ, ನನ್ನದೇ ತರಗತಿಯ ಇಬ್ಬರು ಮಕ್ಕಳು ಕುಕ್ಕೆ ಹಿಡಿದು ನಿಂತಿದ್ದರು. ಅವತ್ತು ಫೋಟೊ ತೆಗೆಯದೆ ಅವರ ತಾಯಿಯ ಜೊತೆ ಮಾತಾಡಿ ಬಂದೆ. ಒಬ್ಬಳು ವಾರದೊಳಗೆ ಶಾಲೆಗೆ ಮರಳಿದಳು. ಇನ್ನೊಬ್ಬನಿಗಾಗಿ ನಾನು ಆ ವರ್ಷ ಮೂರು ಸಲ ಅವನ ಮನೆಗೆ ಹೋಗಬೇಕಾಯಿತು.

ಈಗ ಅದೇ ಹೊಲಗಳಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವವರು ಬಹಳ. ಕೆಲವರು ಸಾಲಿನ ನಡುವೆ ಓಡಾಡಿ ಗಿಡ ತುಳಿಯುತ್ತಾರೆ. ಆದ ನಷ್ಟಕ್ಕೆಂದು ಕೆಲವು ರೈತರು ತಲೆಗಿಷ್ಟು ಎಂದು ಹಣ ಕೇಳುತ್ತಾರೆ, ಅದಕ್ಕೆ ರಸ್ತೆಯಲ್ಲೇ ಜಗಳ. ಈ ಶ್ರಾವಣದಲ್ಲಿ ನೀವು ಆ ದಾರಿಯಲ್ಲಿ ಬಂದರೆ ದಯವಿಟ್ಟು ಬದುವಿನ ಮೇಲೆಯೇ ನಿಲ್ಲಿ. ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ. ಹೊರಡುವ ಮುಂಚೆ, ಈ ಸಲ ಕೆ.ಜಿ.ಗೆ ಏನು ಸಿಗುತ್ತಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ಎಂದು ಆ ಹೊಲದವರನ್ನು ಕೇಳಿ ಹೋಗಿ.