ಕೋಡಿ ಬಿದ್ದ ವರ್ಷದ ಕೂಸು

ನನ್ನ ಮಗಳು ಹುಟ್ಟಿದ್ದು 2022ರ ಸೆಪ್ಟೆಂಬರಿನಲ್ಲಿ, ಮಾರಿಕಣಿವೆ ಕೋಡಿ ಬಿದ್ದ ತಿಂಗಳು. 1933ರ ನಂತರ ಮಾರಿಕಣಿವೆಯ ಈ ವಾಣಿವಿಲಾಸ ಸಾಗರ ತುಂಬಿ ಹರಿದದ್ದು ಅದೇ ಮೊದಲು. 89 ವರ್ಷದ ಮೇಲೆ ಬಂದ ಆ ನೀರನ್ನು ನೋಡಲು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಎಲ್ಲ ಕಡೆಯಿಂದ ಜನ ಹಿರಿಯೂರಿಗೆ ಬರುತ್ತಿದ್ದರು. ನನ್ನ ತವರು ಅದೇ ದಾರಿಯಲ್ಲಿ. ಕೋಡಿ ನೋಡಿದ ನೆಂಟರೆಲ್ಲ, “ಹೆಂಗೂ ಇಲ್ಲೀಗಂಟ ಬಂದಿದ್ವಲ್ಲ, ಕೂಸನ್ನೂ ನೋಡ್ಕಂಡು ಹೋಗಾನ ಅಂತ” ಎನ್ನುತ್ತಾ ನಮ್ಮ ಮನೆಗೆ ನುಗ್ಗುತ್ತಿದ್ದರು. ನೀರಲ್ಲಿ ಆಡಿ ಬಂದ ಹುಡುಗರು, ದಾರಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಗಳು, ಶೀತ ಕೆಮ್ಮು ಇದ್ದವರು, ಎಲ್ಲರಿಗೂ ಕೂಸಿನ ಕೆನ್ನೆ ಹಿಂಡಬೇಕು.

ಹೊಕ್ಕಳಬಳ್ಳಿ ಇನ್ನೂ ಬಿದ್ದಿರಲಿಲ್ಲ. ಅದು ಒಣಗಿ ತಾನಾಗಿ ಬೀಳಬೇಕು, ಎಣ್ಣೆ ಪುಡಿ ಏನೂ ಹಚ್ಚಬೇಡಿ, ಕೈ ತೊಳೆಯದೆ ಮುಟ್ಟಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ನಾನು ಹೊಲಿಗೆ ನೋವಿನಲ್ಲೇ ಎದ್ದು ಬಚ್ಚಲ ಬಾಗಿಲಲ್ಲಿ ಸೋಪು ಹಿಡಿದು ನಿಂತೆ. ದೊಡ್ಡಪ್ಪ ಕೈ ತೊಳೆದು ಪಂಚೆಗೆ ಒರೆಸಿಕೊಂಡರು. ಆ ಪಂಚೆಯಲ್ಲೇ ಅವರು ಬಸ್ಸಿನಲ್ಲಿ ಕೂತು ಬಂದದ್ದು. “ಇನ್ನೊಂದ್ಸಲ ತೊಳ್ಕಳಿ ದೊಡ್ಡಪ್ಪ” ಎಂದೆ. ಅವರು ನಗುತ್ತಲೇ ಮತ್ತೆ ತೊಳೆದರು. ಚಿಕ್ಕಮ್ಮ ಮಾತ್ರ, “ನಾವೇನು ಕುಷ್ಟದೋರೇನವ್ವ?” ಎಂದು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅಮ್ಮ ಅವರ ಹಿಂದೆಯೇ ಬೀದಿತನಕ ಓಡಿದಳು. ನನಗೆ ಅಳು ಬಂತು. ಆದರೆ ಸೋಪು ಕೆಳಗಿಡಲಿಲ್ಲ, ಇವತ್ತಿಗೂ ಇಡುವುದಿಲ್ಲ.

ಅದೇ ವಾರ ಒಂದು ರಾತ್ರಿ ಬಟ್ಟೆ ಬದಲಿಸುವಾಗ ರಕ್ತ ಕಂಡಿತು. ಹುಟ್ಟಿ ವಾರವಾಗದ ಹೆಣ್ಣುಕೂಸಿನ ಬಟ್ಟೆಯಲ್ಲಿ ರಕ್ತದ ಹನಿ. ನನ್ನ ಕೂಗಿಗೆ ಅಕ್ಕಪಕ್ಕದ ಮನೆಗಳ ದೀಪ ಹತ್ತಿಕೊಂಡವು. ಹೊಳಲ್ಕೆರೆಯಲ್ಲಿದ್ದ ನಮ್ಮ ಮನೆಯವರಿಗೆ ಫೋನ್ ಮಾಡಿ ಏನು ಹೇಳಿದೆನೋ ನೆನಪಿಲ್ಲ. ಅವರು ಅತ್ತೆ, ಭಾವ, ಪಕ್ಕದ ಮನೆಯವರಿಬ್ಬರನ್ನು ಹತ್ತಿಸಿಕೊಂಡು ದುರ್ಗದ ಮೇಲೆ ಹಾದು ಬಂದುಬಿಟ್ಟರು. ಅವರು ಬರುವ ಹೊತ್ತಿಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಬಂದು ನೋಡಿಯಾಗಿತ್ತು. ಕೂಸು ಹಾಲು ಕುಡಿದು ನಿದ್ದೆ ಮಾಡುತ್ತಿತ್ತು.

ಹೊಟ್ಟೆಯಲ್ಲಿದ್ದಾಗ ತಾಯಿಯ ಹಾರ್ಮೋನು ಮಗುವಿನ ಮೈಗೂ ಸೇರಿರುತ್ತದೆ, ಹುಟ್ಟಿದ ಮೇಲೆ ಅದು ಇಳಿಯುವಾಗ ಕೆಲವು ಹೆಣ್ಣುಮಕ್ಕಳಿಗೆ ಮೊದಲ ವಾರದಲ್ಲಿ ಹೀಗೆ ನಾಲ್ಕು ಹನಿ ಕಾಣುತ್ತದೆ, ಒಂದೆರಡು ದಿನದಲ್ಲಿ ತಾನೇ ನಿಲ್ಲುತ್ತದೆ. ಇದನ್ನು ಆಕೆ ಭಾವನ ಮುಂದೆ, ಬೀದಿಯ ಗಂಡಸರ ಮುಂದೆ, ಮುಚ್ಚುಮರೆಯಿಲ್ಲದೆ ವಿವರಿಸಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಭಾವ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಿಂತರು. ಅಷ್ಟು ಹೊತ್ತಿನಲ್ಲಿ ಅಮ್ಮ ಎಲ್ಲರಿಗೂ ಉಪ್ಪಿಟ್ಟು ಮಾಡಿದಳು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಆದರೆ ಆ ರಾತ್ರಿ ಬೀದಿಯ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಈ ವಿಷಯ ಮೊದಲ ಸಲ ತಿಳಿಯಿತು.

ಹಳದಿಯ ಪ್ರಸಂಗ ನಡೆದದ್ದು ಪುರುಡು ಕಳೆದ ಮೇಲೆ. ಸಂಜೆ ಬಲ್ಬಿನ ಬೆಳಕಲ್ಲಿ ಕೂಸಿನ ಮುಖ, ಕತ್ತು, ಎದೆ ಎಲ್ಲ ಹಳದಿ ಹಳದಿ. ಕಾಮಾಲೆ ಎಂದು ತೀರ್ಮಾನಿಸಿ ನಲವತ್ತು ಕಿಲೋಮೀಟರು ದುರ್ಗಕ್ಕೆ ಓಡಿದೆವು. ಹೆದ್ದಾರಿಯ ಉದ್ದಕ್ಕೂ ಮೊಬೈಲಿನ ಬೆಳಕು ಬಿಟ್ಟು ಅದರ ಕಣ್ಣು ನೋಡುತ್ತಿದ್ದೆ. ಅಲ್ಲಿನ ನರ್ಸಮ್ಮ ಹತ್ತಿಯನ್ನು ಒದ್ದೆ ಮಾಡಿ ಹಣೆ ಒರೆಸಿದರು. ಹತ್ತಿ ಹಳದಿಯಾಯಿತು, ಹಣೆ ಬೆಳ್ಳಗಾಯಿತು. ಬೆಳಿಗ್ಗೆ ಅಜ್ಜಿ ಎರೆಯುವಾಗ ಅರಿಶಿನ ಹಚ್ಚಿದ್ದರು. ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ಹುಟ್ಟಿದ ಎರಡು ಮೂರನೇ ದಿನ ತುಂಬ ಮಕ್ಕಳಿಗೆ ಸ್ವಲ್ಪ ಹಳದಿ ಬರುತ್ತದೆ, ಎರಡು ವಾರದೊಳಗೆ ಇಳಿಯುತ್ತದೆ. ಮೊದಲ ದಿನವೇ ಬಂದರೆ, ಇಲ್ಲವೇ ಅಂಗೈ ಅಂಗಾಲಿಗೆ ಇಳಿದರೆ ತಡಮಾಡದೆ ಬನ್ನಿ. ಅರಿಶಿನ ಹಚ್ಚಿದರೆ ನಿಜವಾದ ಹಳದಿಯೇ ಗೊತ್ತಾಗುವುದಿಲ್ಲ ಎಂದರು. ಅಜ್ಜಿಗೆ ಇದನ್ನು ಹೇಳುವುದು ಕಷ್ಟವಾಯಿತು. ಊರಿನ ಅರ್ಧ ಮಕ್ಕಳಿಗೆ ಎರೆದ ಕೈ ಅವರದು. ಎರಡು ದಿನ ಮಾತು ಬಿಟ್ಟರು, ಅರಿಶಿನವನ್ನೂ ಬಿಟ್ಟರು.

ಇವೆಲ್ಲ ಹಗಲಿನ ಮಾತಾದವು. ರಾತ್ರಿಯ ಭಯವನ್ನು ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಕೂಸು ಸರಸರನೆ ಉಸಿರಾಡುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಐದು. ನನ್ನ ಉಸಿರೂ ನಿಲ್ಲುತ್ತಿತ್ತು. ಆಮೇಲೆ ಅದು ಸಣ್ಣಗೆ ನಿಟ್ಟುಸಿರು ಬಿಟ್ಟು ಮತ್ತೆ ಶುರು ಮಾಡುತ್ತಿತ್ತು. ಮೂಗಿನ ಕೆಳಗೆ ಬೆರಳು ಹಿಡಿದೆ. ಬೆರಳಿಗೆ ಗಾಳಿ ತಾಗದೇ ಹೋದಾಗ ಕುಂಕುಮದ ಕನ್ನಡಿ ಹಿಡಿದೆ. ಕನ್ನಡಿ ಮಂಜಾಗುವುದು ಕತ್ತಲಲ್ಲಿ ಕಾಣದೆ ದೀಪ ಹಾಕಿದೆ, ದೀಪಕ್ಕೆ ಕೂಸು ಎದ್ದು ಕಿರುಚಿತು, ಮನೆಮಂದಿಯೆಲ್ಲ ಎದ್ದರು. “ಮಲಗಿದ ಕೂಸನ್ನ ಎಬ್ಬಿಸ್ತಾರೇನೆ? ಹೆದರ್ಕಬ್ಯಾಡ ಮಲಿಕ್ಕ” ಎಂದಳು ಅಮ್ಮ. ಅಮ್ಮನ ಮೊದಲ ಕೂಸು ಉಳಿದಿರಲಿಲ್ಲ. ಅದು ನನಗೆ ಗೊತ್ತು, ನನಗೆ ಗೊತ್ತು ಎಂಬುದು ಅಮ್ಮನಿಗೂ ಗೊತ್ತು. ಅವಳೂ ಮಲಗುತ್ತಿರಲಿಲ್ಲ.

ಮನೆಗೆ ಬಂದು ನೋಡುವ ಆಶಾ ಅವರ ಭೇಟಿಗೆ ದಿನ ಗೊತ್ತುಮಾಡಿರುತ್ತಾರೆ, ಆಸ್ಪತ್ರೆಯಲ್ಲಿ ಹೆತ್ತವರಿಗೆ 3, 7, 14, 21, 28, 42ನೇ ದಿನ. ಹದಿನಾಲ್ಕನೇ ದಿನ ಬಂದಾಗ ನಾನು ಇದನ್ನೆಲ್ಲ ಹೇಳಿಕೊಂಡೆ. ಆಕೆ ತೊಟ್ಟಿಲ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. ಕೈಗಡಿಯಾರ ನನ್ನ ಕೈಗೆ ಕೊಟ್ಟು, ಕೂಸಿನ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ತೋರಿಸಿದರು. ಮೂಗಲ್ಲ, ಹೊಟ್ಟೆ ನೋಡಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬಾರದು, ಪೂರ್ತಿ ಒಂದು ನಿಮಿಷ ಎಣಿಸಬೇಕು, ಯಾಕೆಂದರೆ ಈ ವಯಸ್ಸಿನ ಕೂಸು ನಡುವೆ ಐದು ಹತ್ತು ಸೆಕೆಂಡು ನಿಲ್ಲಿಸುವುದು ಸಹಜ. ನಿಮಿಷಕ್ಕೆ ಮೂವತ್ತರಿಂದ ಅರವತ್ತರೊಳಗೆ ಇದ್ದರೆ ಸರಿ. ಅರವತ್ತು ಮುಟ್ಟಿದರೆ ಇನ್ನೊಮ್ಮೆ ಎಣಿಸು, ಆಗಲೂ ಅಷ್ಟೇ ಇದ್ದರೆ ಹೊರಡು. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋದರೆ, ತುಟಿ ನೀಲಿಯಾದರೆ, ಉಸಿರು ಇಪ್ಪತ್ತು ಸೆಕೆಂಡು ನಿಂತರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ಸುಟ್ಟರೆ ಇಲ್ಲವೇ ತಣ್ಣಗಾದರೆ, ಫಿಟ್ಸ್ ಬಂದರೆ, ಎಣಿಸುತ್ತಾ ಕೂರಬೇಡ, 108ಕ್ಕೆ ಫೋನ್ ಮಾಡು.

ಹೆದರಬೇಡ ಅಂದವರು ಊರೆಲ್ಲ ಇದ್ದರು. ಯಾವುದಕ್ಕೆ ಹೆದರಬೇಕು ಎಂದು ಕೂತು ಹೇಳಿಕೊಟ್ಟವರು ಆಕೆ ಒಬ್ಬರೇ. ಆ ದಿನ ಅಮ್ಮನೂ ಪಕ್ಕದಲ್ಲಿ ಕೂತು ಎಣಿಸಿದಳು. ನನಗೆ ನಲವತ್ನಾಲ್ಕು ಬಂತು, ಅಮ್ಮನಿಗೆ ನಲವತ್ತಾರು. ಅಮ್ಮ ಬೆರಳು ಮಡಿಸಿ ಎಣಿಸುವಾಗ ಅವಳ ತುಟಿ ನಡುಗುತ್ತಿತ್ತು.

ಹೊಳಲ್ಕೆರೆಗೆ ಹೋದ ಮೇಲೂ ಭಯ ಬಿಡಲಿಲ್ಲ, ಹದ್ದುಬಸ್ತಿಗೆ ಬಂತು. ಆರನೇ ವಾರದ ಚುಚ್ಚುಮದ್ದಿನ ರಾತ್ರಿ ಜ್ವರ ನೋಡಿ ನೋಡಿ ಥರ್ಮಾಮೀಟರಿನ ಸೆಲ್ಲೇ ಮುಗಿಯಿತು. ಹೊಸದುರ್ಗದ ಮದುವೆಯೊಂದರಲ್ಲಿ ಕೂಸಿಗೆ ಪಾಯಸ ನೆಕ್ಕಿಸಲು ಬಂದ ಹಿರಿಯರೊಬ್ಬರ ಬೆರಳನ್ನು ಗಾಳಿಯಲ್ಲೇ ಹಿಡಿದೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎಂದು ಎಲ್ಲರೆದುರು ಹೇಳಿದೆ. ವಾಲಗದವರೂ ತಿರುಗಿ ನೋಡಿದರು.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಸುದ್ದಿ ಪೇಪರಿನಲ್ಲಿ ಬಂತು. ಸೂತಕವೆಂದು ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇಟ್ಟಿದ್ದರು, ಮಳೆ ಚಳಿಯಲ್ಲಿ ಎಳೆಯ ಕೂಸು ಹೋಗಿಬಿಟ್ಟಿತು. ಇಂಥ ಕಟ್ಟಳೆ ನಮ್ಮ ಜಿಲ್ಲೆಯ ಹಟ್ಟಿಗಳಿಗೂ ಹೊಸದಲ್ಲ. ಅಂದು ಆ ತಾಯಿಗೆ ಹೆದರುವುದಕ್ಕಾದರೂ ಯಾರು ಬಿಟ್ಟಿದ್ದರು ಎಂದು ಯೋಚಿಸಿ ನನಗೆ ಊಟ ಸೇರಲಿಲ್ಲ. ನಾಲ್ಕು ಜನ ನಕ್ಕರೆ ನಗಲಿ ಎಂಬ ಧೈರ್ಯ ಪೂರ್ತಿ ಬಂದದ್ದು ಅಂದೇ.

ಈಗ ನನ್ನ ತಂಗಿಯ ಬಾಣಂತನ, ಅದೇ ಕೋಣೆಯಲ್ಲಿ. ಮೊನ್ನೆ ನಡುರಾತ್ರಿ ಫೋನ್ ಮಾಡಿ, “ಅಕ್ಕಾ, ಉಸಿರು ನಿಲ್ಲಿಸ್ತೈತೆ” ಎಂದಳು. ಹೊಟ್ಟೆ ಮೇಲಿನ ಬಟ್ಟೆ ಸರಿಸು, ಗಡಿಯಾರ ಹಿಡ್ಕ, ನಾನು ಫೋನ್ ಇಡಲ್ಲ ಎಂದೆ. ಅವಳು ಗಟ್ಟಿಯಾಗಿ ಎಣಿಸಿದಳು, ಐವತ್ತೆರಡು ಬಂತು. “ಇನ್ನೊಂದ್ಸಲ ಎಣಿಸ್ಲಾ?” ಎಂದಳು. ಎಣಿಸು ಎಂದೆ.