ಬಸಿರಿಗೆ ಮೊದಲೇ ಇಡಬೇಕಾದ ಲೆಕ್ಕ

ಹಂಗಾಮು ಶುರುವಾದ ಮೇಲೆ ಗೋದಾಮು ತುಂಬಿಸಲು ಓಡುವವನನ್ನು ಪೇಟೆಯಲ್ಲಿ ಯಾರೂ ಜಾಣ ವ್ಯಾಪಾರಿ ಎನ್ನುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಸೊಸೆಯಂದಿರ ಆರೋಗ್ಯದ ವಿಷಯದಲ್ಲಿ ನಡೆಯುವುದು ಇದೇ. ಬಸಿರಿನ ಸುದ್ದಿ ತಿಳಿದ ಮೇಲೆಯೇ ಡಾಕ್ಟರು, ಗುಳಿಗೆ, ಹಾಲು, ತುಪ್ಪ.

ನಾವು ಅಕ್ಕಲಕೋಟದಲ್ಲಿ ಧಾನ್ಯದ ಅಡತಿ ನಡೆಸುವವರು. ಓದಿದ್ದು ಮ್ಯಾಟ್ರಿಕ್ ತನಕ. ಹಿರಿಯ ಸೊಸೆಗೆ ಮೊದಲ ಬಸಿರಿನ ಆರನೆಯ ತಿಂಗಳಲ್ಲಿ ಸಕ್ಕರೆ ಕಾಣಿಸಿತು. ಸೊಲ್ಲಾಪುರದಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಬಿ-12 ಜೀವಸತ್ವವೂ ಬಹಳ ಕಡಿಮೆ ಇತ್ತು. ಪಥ್ಯ, ನಡಿಗೆ, ಕೊನೆಗೆ ಇನ್ಸುಲಿನ್. ದೇವರ ದಯೆ, ತಾಯಿ ಮಗು ಕ್ಷೇಮ. ಆದರೆ ಆ ಮೂರು ತಿಂಗಳು ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಈಗ ಕಿರಿಯ ಮಗನ ಮದುವೆಯಾಗಿದೆ. ಆದ್ದರಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದುಕೊಂಡೆವು.

ಬಿ-12 ಕಾಳು, ಕಾಯಿಪಲ್ಯ, ಹಣ್ಣುಗಳಲ್ಲಿ ಇಲ್ಲ. ನಮ್ಮಂಥವರಿಗೆ ಹಾಲು ಮೊಸರೇ ಆಧಾರ. ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು. ದೊಡ್ಡ ಲೋಟ ಹಾಲಿನಲ್ಲಿರುವುದು ಸುಮಾರು 1. ಎಲ್ಲರಿಗೂ ಬಡಿಸಿ, ಕೊನೆಗೆ ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಸೊಸೆಗೆ ಅದು ಎಲ್ಲಿಂದ ಬರಬೇಕು?

2009ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ನೂರಕ್ಕೆ 43 ಮಂದಿಗೆ ಬಿ-12 ಕೊರತೆ ಇತ್ತು. ಕೊರತೆ ಇದ್ದವರಲ್ಲಿ ನೂರಕ್ಕೆ 8.7, ಇಲ್ಲದವರಲ್ಲಿ 4.6 ಮಂದಿಗೆ ಬಸಿರಿನ ಸಕ್ಕರೆ ರೋಗ ಕಂಡಿತು. ಕೊರತೆ ಇದ್ದವರ ಮೈತೂಕವೂ ಹೆಚ್ಚಿತ್ತು. ಆದ್ದರಿಂದ ಎಲ್ಲವನ್ನೂ ಬಿ-12ರ ಖಾತೆಗೇ ಬರೆಯುವಂತಿಲ್ಲ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡ 2008ರಲ್ಲಿ ಇನ್ನೊಂದು ಮಾತು ಹೇಳಿತು: ತಾಯಿಯಲ್ಲಿ ಫೋಲಿಕ್ ಆಸಿಡ್ ಹೆಚ್ಚು, ಬಿ-12 ಕಡಿಮೆ ಇದ್ದರೆ, ಆರು ವರ್ಷದ ಮಗುವಿನ ಮೈಯಲ್ಲೇ ಇನ್ಸುಲಿನ್ನಿನ ಪ್ರಭಾವ ಕುಗ್ಗಿರುವುದು ಕಂಡುಬಂದಿತ್ತು.

ಹಾಗೆಂದು ಫೋಲಿಕ್ ಆಸಿಡ್ ಬಿಡಬಾರದು. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಬಸಿರು ಗೊತ್ತಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮೊದಲೇ ಶುರುವಾಗಬೇಕು. ಜೊತೆಗೆ ಬಿ-12 ತಪಾಸಣೆಯೂ ಆಗಬೇಕು.

ಗುಳಿಗೆ ನುಂಗಿದರೆ ಸಕ್ಕರೆ ಬರುವುದೇ ಇಲ್ಲ ಎಂದಲ್ಲ. ಬ್ರಿಟನ್, ಸಿಂಗಪುರ, ನ್ಯೂಜಿಲೆಂಡಿನಲ್ಲಿ ಬಸಿರಿಗೆ ಮೊದಲಿನಿಂದಲೇ ಬಿ-12 ಮುಂತಾದವು ಬೆರೆತ ಪೇಯ ಕೊಟ್ಟು ನೋಡಿದರು. 2021ರ ವರದಿಯಂತೆ ಅದರಿಂದ ಸಕ್ಕರೆ ತಗ್ಗಲಿಲ್ಲ. ತೂಕದ ಮೇಲೆ ಹಿಡಿತ, ನಡಿಗೆ ಬೇಕೇ ಬೇಕು. ಬಸಿರಾದ ಮೇಲೆ ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28ನೆಯ ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಸಕ್ಕರೆ ನೋಡಿಸಬೇಕು. ಎರಡು ಗಂಟೆಯ ನಂತರ 140 ಮುಟ್ಟಿದರೆ ಎಚ್ಚರ.

ಗುಳಿಗೆಯಲ್ಲಿ ಹಿಂಸೆಯ ಪದಾರ್ಥ ಇದೆಯೇ ಎಂಬುದು ನಮ್ಮ ಮನೆಯವರ ಶಂಕೆ. ಬಿ-12 ಅನ್ನು ಮಾಂಸದಿಂದ ತೆಗೆಯುವುದಿಲ್ಲ. ಮೊಸರಿನಂತೆ ಸೂಕ್ಷ್ಮಾಣುಗಳಿಂದ ಹುದುಗಿಸಿ ತಯಾರಿಸುತ್ತಾರೆ. ಕ್ಯಾಪ್ಸೂಲಿನ ಹೊದಿಕೆ ಮಾತ್ರ ಬಹುಮಟ್ಟಿಗೆ ಪ್ರಾಣಿಗಳಿಂದ ಬಂದ ಜಿಲೆಟಿನ್. ಕ್ಯಾಪ್ಸೂಲ್ ಬೇಡ, ಗುಳಿಗೆ ಕೊಡಿ ಎಂದರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ಕಿರಿಯ ಸೊಸೆಯ ತಪಾಸಣೆ ಆಯಿತು. ಅವಳಲ್ಲೂ ಬಿ-12 ಕಡಿಮೆ. ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದಾರೆ, ಮೂರು ತಿಂಗಳ ನಂತರ ಮತ್ತೆ ನೋಡುವರು.

ಸಮಾಜ ಬಾಂಧವರೇ, ಮದುವೆಯಲ್ಲಿ ಸೊಸೆಗೆ ಎಷ್ಟು ತೊಲ ಹಾಕಿದೆವೆಂದು ನಾವು ಲೆಕ್ಕ ಇಡುತ್ತೇವೆ. ಅವಳಿಗೆ ದಿನವೂ ಎರಡು ಲೋಟ ಹಾಲು ಮುಟ್ಟುತ್ತಿದೆಯೇ ಎಂಬ ಲೆಕ್ಕವನ್ನೂ ಹಿರಿಯರೇ ಇಡೋಣ.