ಮೂರುದಾರಿಯ ತತ್ತಿ

ಮೂರು ದಾರಿ ಕೂಡುವಲ್ಲಿ ಅರಿಸಿನ ಕುಂಕುಮ ಹಚ್ಚಿದ ಒಂದು ತತ್ತಿ, ಮಗ್ಗುಲಲ್ಲಿ ಹೋಳಾದ ನಿಂಬೆಹಣ್ಣು. ಗುಮ್ಮಘಟ್ಟದ ಸೀಮೆಯಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳಿಗೆ ಇದು ಅಪರಿಚಿತ ನೋಟವಲ್ಲ. ಯಾರದೋ ಮನೆಯ ಕೂಸಿಗೆ ದೃಷ್ಟಿ ಇಳಿಸಿ ಇಟ್ಟದ್ದು. ದಾಟಬಾರದೆಂದು ಹಿರಿಯರು ಎಚ್ಚರಿಸುತ್ತಾರೆ. ಮಕ್ಕಳು ಬಳಸಿಕೊಂಡು ಹೋಗುತ್ತಾರೆ.

ತತ್ತಿಯ ಕುರಿತ ಅಂಜಿಕೆ ಈ ಸೀಮೆಯದಷ್ಟೇ ಅಲ್ಲ. ತತ್ತಿ ತಿಂದೊಡನೆ ಚಿಪ್ಪನ್ನು ಒಡೆಯುವ ಇಲ್ಲವೆ ಚಮಚದಿಂದ ಚುಚ್ಚುವ ರೋಮನರ ವಾಡಿಕೆಯನ್ನು ಒಂದನೆಯ ಶತಮಾನದಲ್ಲಿಯೇ ಪ್ಲಿನಿ ಎಂಬ ಗ್ರಂಥಕಾರನು ಬರೆದಿಟ್ಟಿದ್ದಾನೆ. ಕಾರಣ, ಮಾಟದ ಭಯ. ಚಿಪ್ಪು ಇಡಿಯಾಗಿ ಉಳಿದರೆ ಮಾಟಗಾತಿಯರು ಅದನ್ನೇ ದೋಣಿಯಾಗಿಸಿ ಕಡಲಿಗಿಳಿಯುವರೆಂದು ಇಂಗ್ಲೆಂಡಿನ ಜನ ನಂಬಿದ್ದರು.

ಅದೇ ಯುರೋಪಿನಲ್ಲಿ ಈಸ್ಟರ್ ಹಬ್ಬ ತತ್ತಿಗೆ ಬೇರೆ ಅರ್ಥ ಕೊಟ್ಟಿತು. ಯೇಸುವಿನ ಪುನರುತ್ಥಾನವನ್ನು ಸ್ಮರಿಸುವ ಈ ಹಬ್ಬವೂ ಯುಗಾದಿಯಂತೆ ಚಂದ್ರನ ಲೆಕ್ಕದಲ್ಲಿ ಬರುತ್ತದೆ. ಅದಕ್ಕೆ ಮುಂಚಿನ 40 ದಿನಗಳ ಉಪವಾಸದಲ್ಲಿ ಹಿಂದೆ ತತ್ತಿ ನಿಷಿದ್ಧ. ಕೋಳಿಗೇನೂ ಉಪವಾಸವಿಲ್ಲವಷ್ಟೆ, ತತ್ತಿಗಳು ಮನೆಯಲ್ಲಿ ಕೂಡುತ್ತಿದ್ದವು. ವ್ರತ ಮುಗಿದಾಗ ಅವನ್ನು ಬೇಯಿಸಿ, ಈರುಳ್ಳಿ ಸಿಪ್ಪೆಯಂಥವುಗಳಿಂದ ಬಣ್ಣ ಕಟ್ಟಿ, ನೆರೆಹೊರೆಗೆ ಹಂಚುತ್ತಿದ್ದರು. ದೊರೆ ಒಂದನೆಯ ಎಡ್ವರ್ಡನ 1290ರ ಲೆಕ್ಕಪತ್ರದಲ್ಲಿ ಈಸ್ಟರಿಗಾಗಿ 450 ತತ್ತಿ ಕೊಂಡ ಬಾಬ್ತು 18 ಪೆನ್ನಿ ಖರ್ಚು ದಾಖಲಾಗಿದೆ. ಗ್ರೀಸಿನಲ್ಲಿ ಇಂದಿಗೂ ಕೆಂಪು ತತ್ತಿಗಳನ್ನು ಒಂದಕ್ಕೊಂದು ತಾಕಿಸುತ್ತಾರೆ. ಯಾರದು ಒಡೆಯದೆ ಉಳಿಯುವುದೋ ಅವರಿಗೆ ಆ ವರ್ಷವಿಡೀ ಶುಭವೆಂಬ ನಂಬಿಕೆ.

ಒಂದು ತತ್ತಿ ನೆರೆಯವರಿಗೆ ಅಂಜಿ ಇಟ್ಟದ್ದು, ಇನ್ನೊಂದು ನೆರೆಯವರಿಗೆ ಒಲಿದು ಕೊಟ್ಟದ್ದು. ಭೇದವಿರುವುದು ಇಲ್ಲಿ. ದೃಷ್ಟಿಯೆಂಬುದು ಸಾಕ್ಷಿಯಿಲ್ಲದ ಆರೋಪ. ಕೂಸು ಹಾಲು ಕುಡಿಯದಿದ್ದರೆ ಯಾರ ಕಣ್ಣು ಬಿತ್ತೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಎಷ್ಟೋ ಸಲ ಒಂಟಿ ಮುದುಕಿಯ, ಇಲ್ಲವೆ ಮಕ್ಕಳಿಲ್ಲದ ಹೆಣ್ಣಿನ ಬಾಗಿಲಲ್ಲಿ ಹೋಗಿ ನಿಲ್ಲುತ್ತದೆ. ಯಾರೂ ಬಾಯಿಬಿಟ್ಟು ಆರೋಪಿಸುವುದಿಲ್ಲ. ಆದ್ದರಿಂದ ಆಕೆ ಅಲ್ಲಗಳೆಯುವಂತೆಯೂ ಇಲ್ಲ. ಆಕೆ ಎದುರಾದರೆ ತಾಯಂದಿರು ಸೆರಗಿನಲ್ಲಿ ಕೂಸಿನ ಮುಖ ಮುಚ್ಚುತ್ತಾರೆ. ಅದನ್ನು ಕಂಡ ಮಕ್ಕಳು ಆ ಶಂಕೆಯನ್ನು ಪಾಠದಂತೆ ಕಲಿಯುತ್ತಾರೆ.

ಹಳ್ಳಿಗಳಲ್ಲಿ ಇದಕ್ಕಿಂತ ಒಳ್ಳೆಯ ಪಾಠವೂ ಉಂಟು. ಕಾವಿಗೆ ಕೂತ ಹೇಂಟೆ ತಮ್ಮಲ್ಲಿಲ್ಲದವರು ನೆರೆಮನೆಯ ಹೇಂಟೆಯ ಕೆಳಗೆ ತತ್ತಿಯಿಟ್ಟು, 21 ದಿನ ಕಾದು, ಮರಿಗಳನ್ನು ಹಂಚಿಕೊಳ್ಳುತ್ತಾರೆ. ಅಲ್ಲಿ ನೆರೆಯವಳ ಕಣ್ಣೇ ಕಾವಲು. ಸೊರಗಿದ ಕೂಸನ್ನು ವೈದ್ಯರಿಗೆ ತೋರಿಸಿ, ಮೂರುದಾರಿಗೆ ಹೋಗಬೇಕಿದ್ದ ತತ್ತಿಯನ್ನು ಆ ಒಂಟಿ ಮುದುಕಿಗೆ ಕೊಟ್ಟುಬಂದರೆ ಎರಡು ಮನೆಗಳಿಗೂ ಒಳಿತು.